ಹಲ್ಲಿಗೆ ತಾಗಿದ ಉಕ್ಕಿನ ನಾಲಗೆ: ಮೋರ್ಸಿಂಗ್ ಎಂಬ ಕಿರುವಾದ್ಯ

ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ವೇದಿಕೆಯ ಒಂದು ಪಕ್ಕದಲ್ಲಿ ಕುಳಿತ ಕಲಾವಿದರು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಕಬ್ಬಿಣದ ವಾದ್ಯವೊಂದನ್ನು ಬಾಯಿಗೆ ಹಿಡಿದು, ಅದರ ತುದಿಯನ್ನು ಬೆರಳಿನಿಂದ ಮೀಟುತ್ತ, ಮೃದಂಗದ ನಡೆಯನ್ನು ಸೊಲ್ಲು ಸೊಲ್ಲಿಗೂ ಹಿಂಬಾಲಿಸುವುದುಂಟು. ಮೋರ್ಸಿಂಗ್ ಎಂದೂ ಮೋರ್ಚಿಂಗ್ ಎಂದೂ ಕರೆಯಲಾಗುವ ಈ ವಾದ್ಯ ಘಟ ಮತ್ತು ಖಂಜಿರಗಳ ಜೊತೆಗೆ ಉಪಪಕ್ಕವಾದ್ಯಗಳ, ಅಂದರೆ ಮುಖ್ಯ ಲಯವಾದ್ಯವಾದ ಮೃದಂಗಕ್ಕೆ ಒತ್ತಾಸೆಯಾಗಿ ನಿಲ್ಲುವ ವಾದ್ಯಗಳ, ಸಾಲಿಗೆ ಸೇರುತ್ತದೆ. ರಾಜಸ್ಥಾನದ ಲಂಗಾ ಮತ್ತು ಮಾಂಗಣಿಯಾರ್ ಗಾಯಕರ ಮೋರ್‌ಚಂಗ್, ಅಸ್ಸಾಮಿನ ಬಿಹು ಹಾಡು ಕುಣಿತಗಳಲ್ಲಿ ಕೇಳಿಬರುವ ಬಿದಿರಿನ ಗಗನಾ, ನೇಪಾಳದ ಮುರ್ಚುಂಗಾ, ಸಿಸಿಲಿ ದ್ವೀಪದ ಮರಾಂಜಾನೊ, ಸೈಬೀರಿಯಾದ ಸಖಾ ಜನರ ಖೋಮುಸ್, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಟ್ರಂಪ್, ಇವೆಲ್ಲವೂ ಒಂದೇ ಕುಲದ ವಾದ್ಯಗಳಾಗಿದ್ದು, ಇಂಗ್ಲಿಷಿನಲ್ಲಿ ಈ ಕುಲಕ್ಕೆ ಒಟ್ಟಾಗಿ ಜಾ ಹಾರ್ಪ್ ಎಂಬ ಹೆಸರಿದೆ. ರಚನೆಯಲ್ಲಿ ಇವುಗಳ ನಡುವೆ ಇರುವ ವ್ಯತ್ಯಾಸ ಅಲ್ಪ. ಆದರೆ ಒಂದೊಂದು ನಾಡಿನ ಸಂಗೀತವೂ ಈ ವಾದ್ಯಕ್ಕೆ ವಹಿಸಿದ ಕೆಲಸ ಬೇರೆ ಬೇರೆ. ಐರ್ಲೆಂಡಿನಲ್ಲಿ ಅದು ಕುಣಿತದ ಮಟ್ಟುಗಳನ್ನು ನುಡಿಸಿದರೆ, ದಕ್ಷಿಣ ಭಾರತದಲ್ಲಿ ತಾಳದ ಲೆಕ್ಕಾಚಾರದಲ್ಲಿ ತೊಡಗಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಮೇಳಗಳಲ್ಲಿಯಂತೂ ಅದು ಕೂರಬಹುದಾಗಿದ್ದ ಜಾಗದಲ್ಲಿ ಬೇರೊಂದು ವಾದ್ಯ ಮೊದಲೇ ಕುಳಿತಿತ್ತು.

ಮೋರ್ಸಿಂಗ್‌ನ ರಚನೆ ಸರಳವಾಗಿದೆ. ಕಬ್ಬಿಣದ ಸರಳನ್ನು ಕಾಯಿಸಿ ಬಗ್ಗಿಸಿ ಮಾಡಿದ ದುಂಡನೆಯ ಬಳೆ, ಆ ಬಳೆಯ ಎರಡು ತುದಿಗಳು ಮುಂದಕ್ಕೆ ಚಾಚಿ ಸಮಾಂತರವಾಗಿ ನಿಂತಾಗ ಉಂಟಾಗುವ ಎರಡು ತೋಳುಗಳು, ಮತ್ತು ಆ ತೋಳುಗಳ ನಡುವಿನ ಕಿರಿದಾದ ಸಂದಿಯಲ್ಲಿ ಹಾದುಹೋಗುವ ತೆಳುವಾದ ಉಕ್ಕಿನ ಪಟ್ಟಿ, ಇಷ್ಟೇ ಅದರ ಅಂಗಗಳು. ನಾಲಗೆ ಎಂದು ಕರೆಯಲಾಗುವ ಈ ಪಟ್ಟಿಯ ಹಿಂತುದಿಯನ್ನು ಬಳೆಗೆ ಬಿಗಿದಿರುತ್ತಾರೆ. ಬಿಡಿಯಾಗಿರುವ ಮುಂತುದಿಯನ್ನು ತೋಳುಗಳಾಚೆ ನೆಟ್ಟಗೆ ಮೇಲಕ್ಕೆ ಬಗ್ಗಿಸಿ, ಬೆರಳಿಗೆ ಚುಚ್ಚದಂತೆ ಕೊನೆಯಲ್ಲಿ ಸಣ್ಣದಾಗಿ ಸುರುಳಿ ಸುತ್ತಿರುತ್ತಾರೆ. ವಾದ್ಯದ ಗುಣವೆಲ್ಲ ನಾಲಗೆಗೂ ತೋಳುಗಳಿಗೂ ನಡುವೆ ಉಳಿಯುವ ಕೂದಲೆಳೆಯಷ್ಟು ಸಂದಿಯಲ್ಲಿದೆ. ಸಂದಿ ಹೆಚ್ಚಾದರೆ ಉಸಿರು ಸೋರಿ ನಾದ ಸೊರಗುತ್ತದೆ, ಕಡಿಮೆಯಾದರೆ ನಾಲಗೆ ತೋಳಿಗೆ ತಾಗಿ ಒಡಕು ಸದ್ದು ಹೊರಡುತ್ತದೆ. ಆದ್ದರಿಂದ ನೋಡಲು ಒರಟಾಗಿ ಕಾಣುವ ಈ ಕಮ್ಮಾರಿಕೆಯ ಕೊನೆಯ ಹಂತ ಅಕ್ಕಸಾಲಿಕೆಯಷ್ಟೇ ನಾಜೂಕಿನದು.

ನುಡಿಸುವವರು ಬಳೆಯನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದು, ಎರಡು ತೋಳುಗಳನ್ನು ಮುಂಬಲ್ಲುಗಳಿಗೆ ಹಗುರವಾಗಿ ಒತ್ತಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಉಕ್ಕಿನ ನಾಲಗೆ ಅಡೆತಡೆಯಿಲ್ಲದೆ ಅದುರುವಷ್ಟು ತೆರಪನ್ನು ಬಿಡುತ್ತಾರೆ. ಬಲಗೈಯ ತೋರುಬೆರಳಿನಿಂದ ಅದರ ತುದಿಯನ್ನು ಮೀಟುತ್ತಾರೆ. ಹಲ್ಲುಗಳ ಮೂಲಕ ಕಂಪನ ನೇರವಾಗಿ ತಲೆಬುರುಡೆಗೆ ದಾಟುವುದರಿಂದ ನುಡಿಸುವವರ ಕಿವಿಗೆ ತುಂಬಿದಂತೆ ಕೇಳುವ ನಾದ ಎದುರಿಗಿರುವವರನ್ನು ತಲುಪುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ದೊಡ್ಡ ಸಭಾಂಗಣಗಳಲ್ಲಿ ಈ ವಾದ್ಯ ಮೃದಂಗದ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವಂತಾದದ್ದಕ್ಕೆ ಮೈಕಿನ ಉಪಕಾರ ಸಣ್ಣದಲ್ಲ. ಬಾಯೊಳಗಿನ ನಾಲಗೆ, ಕೆನ್ನೆ, ಗಂಟಲು ಮತ್ತು ಉಸಿರು ಇವೆಲ್ಲವೂ ವಾದನದಲ್ಲಿ ಭಾಗಿಯಾಗುತ್ತವೆ. ಉಸಿರನ್ನು ಒಳಗೆಳೆದಾಗ ಅಥವಾ ಹೊರಬಿಟ್ಟಾಗ ನಾದ ಬಲಗೊಳ್ಳುತ್ತದೆ, ಉಸಿರನ್ನು ತಡೆದಾಗ ಮೊಟಕಾಗುತ್ತದೆ, ನಾಲಗೆಯ ತುದಿ ಅಂಗುಳನ್ನು ಮುಟ್ಟಿ ಬಿಟ್ಟಾಗ ವ್ಯಂಜನದಂತಹ ಒಂದು ತುಣುಕು ಉಂಟಾಗುತ್ತದೆ. ಮಾತನಾಡುವಾಗ ಬಾಯಿ ಏನೇನು ಮಾಡುತ್ತದೆಯೋ ಅದನ್ನೆಲ್ಲ ಮೋರ್ಸಿಂಗ್ ವಾದಕರ ಬಾಯಿಯೂ ಮಾಡುತ್ತದೆ. ಕಂಠ ಒದಗಿಸಬೇಕಾದ ಮೂಲ ಧ್ವನಿಯನ್ನು ಇಲ್ಲಿ ಉಕ್ಕು ಒದಗಿಸುತ್ತದೆ.

ಈ ಮೂಲ ಧ್ವನಿಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ವಾದ್ಯದ ಸಾಮರ್ಥ್ಯವೂ ಮಿತಿಯೂ ಅದರಲ್ಲಿಯೇ ಅಡಗಿವೆ. ಉಕ್ಕಿನ ನಾಲಗೆಯ ಉದ್ದ, ದಪ್ಪ ಮತ್ತು ತುದಿಯ ತೂಕ ನಿಶ್ಚಿತವಾದ್ದರಿಂದ ಅದು ಹೊರಡಿಸುವ ಮೂಲಸ್ವರ ಒಂದೇ. ಎಷ್ಟೇ ಜೋರಾಗಿ ಮೀಟಿದರೂ ಅದು ಬದಲಾಗದು. ಆದರೆ ತಂಬೂರಿಯ ತಂತಿಯಲ್ಲಿ ಗಾಂಧಾರ ತಾನಾಗಿಯೇ ಹೊಮ್ಮುವ ಹಾಗೆ, ಈ ನಾಲಗೆಯ ಕಂಪನದಲ್ಲಿಯೂ ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಾಂಕವುಳ್ಳ ಉಪಸ್ವರಗಳ ಸರಣಿಯೇ ಅಡಗಿರುತ್ತದೆ. ಬಾಯಿಯ ಪೊಟರೆಯನ್ನು ಹಿಗ್ಗಿಸಿ ಕುಗ್ಗಿಸಿದಂತೆಲ್ಲ ಅದರ ಅಳತೆಗೆ ಒಗ್ಗುವ ಒಂದು ಉಪಸ್ವರ ಅನುರಣನಗೊಂಡು ಮೇಲೆದ್ದು ಕೇಳುತ್ತದೆ. ಮೂಲಸ್ವರವನ್ನು ಷಡ್ಜವೆಂದು ಭಾವಿಸಿದರೆ, 4ನೆಯ ಉಪಸ್ವರ ಮತ್ತೆ ಷಡ್ಜ, 5ನೆಯದು ಅಂತರ ಗಾಂಧಾರ, 6ನೆಯದು ಪಂಚಮ, 7ನೆಯದು ರೂಢಿಯ ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ತಗ್ಗಿದ ಸ್ವರ, 8ನೆಯದು ತಾರಷಡ್ಜ. ಈ ಸ್ಥಾಯಿಯಲ್ಲಿ ರಿಷಭ, ಮಧ್ಯಮ, ಧೈವತಗಳು ಇಲ್ಲವೇ ಇಲ್ಲ. 8ರಿಂದ ಮೇಲಕ್ಕೆ ಹೋದಾಗ ಮಾತ್ರ 9ನೆಯದಾಗಿ ಚತುಃಶ್ರುತಿ ರಿಷಭ, 10ನೆಯದಾಗಿ ಗಾಂಧಾರ, 11ನೆಯದಾಗಿ ಶುದ್ಧ ಮತ್ತು ಪ್ರತಿ ಮಧ್ಯಮಗಳ ನಡುವೆ ಎಲ್ಲಿಯೋ ನಿಲ್ಲುವ ಒಂದು ಸ್ವರ, 12ನೆಯದಾಗಿ ಪಂಚಮ, ಹೀಗೆ ಮೆಟ್ಟಿಲುಗಳು ಒತ್ತೊತ್ತಾಗಿ ಸಿಗುತ್ತವೆ. ಒಟ್ಟಿನಲ್ಲಿ ಈ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯಬಹುದೇ ಹೊರತು ಜಾರುವಂತಿಲ್ಲ.

ನೆಗೆತವನ್ನೇ ಬಂಡವಾಳವಾಗಿಸಿಕೊಂಡದ್ದು ಐರ್ಲೆಂಡಿನ ಸಾಂಪ್ರದಾಯಿಕ ಸಂಗೀತ. ಅಲ್ಲಿನ ಮಟ್ಟುಗಳಲ್ಲಿ ಹೆಚ್ಚಿನವು ಕುಣಿತಕ್ಕಾಗಿ ಹುಟ್ಟಿದವು. ರೀಲ್ ಎಂಬ ಪ್ರಕಾರ ನಾಲ್ಕರ ನಡೆಯಲ್ಲಿಯೂ ಜಿಗ್ ಎಂಬುದು ಮೂರು ಮೂರರ ಗುಂಪಿನ ನಡೆಯಲ್ಲಿಯೂ ಸಾಗುತ್ತವೆ. ಪಿಟೀಲು, ಕೊಳಲು, ತಗಡಿನ ಸೀಟಿಕೊಳಲು, ತಿದಿಯನ್ನು ಮೊಣಕೈಯಿಂದ ಒತ್ತಿ ನುಡಿಸುವ ಇಲನ್ ಪೈಪ್ಸ್ ಮತ್ತು ನಮ್ಮ ದಪ್ಪನ್ನು ಹೋಲುವ ಬೌರಾನ್ ಎಂಬ ಚರ್ಮವಾದ್ಯ ಅಲ್ಲಿನ ಮೇಳದ ಪರಿಚಿತ ಸದಸ್ಯರು. ಈ ಮಟ್ಟುಗಳಲ್ಲಿ ಷಡ್ಜ, ಗಾಂಧಾರ, ಪಂಚಮಗಳ ನಡುವೆ ಚುರುಕಾಗಿ ಓಡಾಡುವ ತುಣುಕುಗಳು ಹೇರಳವಾಗಿರುವುದರಿಂದ ಜಾ ಹಾರ್ಪ್‌ನ ಉಪಸ್ವರ ಸರಣಿಗೆ ಅವು ಒಗ್ಗುತ್ತವೆ. ಸರಣಿಯಲ್ಲಿ ಇಲ್ಲದ ಸ್ವರ ಬಂದಾಗ ವಾದಕರು ಪಕ್ಕದ ಸ್ವರವನ್ನು ತೋರಿಸಿ ಮುಂದೆ ಸಾಗುತ್ತಾರೆ, ಕೇಳುಗರ ಕಿವಿ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ವಾದ್ಯವೇ ಇಲ್ಲದಿದ್ದಾಗ ಅರ್ಥವಿಲ್ಲದ ಅಕ್ಷರಗಳಿಂದ ಮಟ್ಟನ್ನು ಬಾಯಲ್ಲೇ ಹಾಡಿ ಜನರನ್ನು ಕುಣಿಸುವ ಲಿಲ್ಟಿಂಗ್ ಎಂಬ ಪದ್ಧತಿಯೂ ಅಲ್ಲಿದೆ. ಬಾಯಿ ಅಕ್ಷರಗಳನ್ನು ಆಡುತ್ತಿರುವಾಗಲೇ ಉಕ್ಕನ್ನು ಮೀಟುವ ಟ್ರಂಪ್ ಈ ಪದ್ಧತಿಗೆ ಹತ್ತಿರದ ನೆಂಟ ಎನ್ನಬೇಕು. ಅಗ್ಗದ ಬೆಲೆಗೆ ಸಿಗುತ್ತಿದ್ದ ಈ ವಾದ್ಯವನ್ನು 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕಮ್ಮಾರರು ರಾಶಿರಾಶಿಯಾಗಿ ತಯಾರಿಸಿ ಹೊರದೇಶಗಳಿಗೂ ಕಳಿಸುತ್ತಿದ್ದರು. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಈ ವಾದ್ಯ ನಡೆದುಬಂದ ದಾರಿಯನ್ನು ಮೈಕೆಲ್ ರೈಟ್ 2015ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ. ನೆರೆಯ ಸ್ಕಾಟ್ಲೆಂಡಿನಲ್ಲಿ ಇದು ನ್ಯಾಯಾಲಯದ ಕಡತಕ್ಕೂ ಹತ್ತಿರ ಬಂದದ್ದುಂಟು: 1590–91ರ ನಾರ್ತ್ ಬೆರಿಕ್ ಮಾಟಗಾತಿಯರ ವಿಚಾರಣೆಯಲ್ಲಿ ಸಿಕ್ಕಿಬಿದ್ದ ಗೀಲಿಸ್ ಡಂಕನ್ ಎಂಬ ಸೇವಕಿ ಮಾಟಗಾತಿಯರ ಕುಣಿತಕ್ಕೆ ಟ್ರಂಪ್ ನುಡಿಸಿದಳೆಂಬ ಆರೋಪವಿತ್ತು, ದೊರೆ ಆರನೆಯ ಜೇಮ್ಸ್ ಅವಳನ್ನು ತನ್ನೆದುರು ಕರೆಸಿ ಅದೇ ಕುಣಿತದ ಮಟ್ಟನ್ನು ನುಡಿಸಿಸಿ ಕೇಳಿದನೆಂದು ಅಂದಿನ ಕಿರುಹೊತ್ತಿಗೆಯೊಂದು ಹೇಳುತ್ತದೆ. ಆರೋಪಿಯ ವಾದನವನ್ನು ಆಸಕ್ತಿಯಿಂದ ಆಲಿಸಿದ ದೊರೆ ಅವಳನ್ನು ಶಿಕ್ಷೆಯಿಂದ ಉಳಿಸಲಿಲ್ಲ.

ಕರ್ನಾಟಕ ಸಂಗೀತದಲ್ಲಿ ಇದೇ ವಾದ್ಯ ಮಟ್ಟನ್ನು ಬಿಟ್ಟುಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಗಮಕದಲ್ಲಿದೆ. ಸ್ವರವನ್ನು ಅಲುಗಿಸುವುದು, ತೂಗುವುದು, ಒಂದರಿಂದ ಇನ್ನೊಂದಕ್ಕೆ ಜಾರಿಸುವುದು ಮುಂತಾದ ಗಮಕಗಳಿಲ್ಲದೆ ತೋಡಿಯೂ ಇಲ್ಲ, ಭೈರವಿಯೂ ಇಲ್ಲ; ಉಪಸ್ವರದಿಂದ ಉಪಸ್ವರಕ್ಕೆ ನೆಗೆಯುವುದಷ್ಟೇ ಬಲ್ಲ ವಾದ್ಯಕ್ಕೆ ರಾಗದ ಬಾಗಿಲು ಮುಚ್ಚಿದೆ. ಆದರೆ ಮೃದಂಗದ ವಿದ್ಯೆಯೆಲ್ಲವೂ ಬಾಯಿಯಲ್ಲಿ ಹೇಳುವ ಸೊಲ್ಲುಗಳ ಮೇಲೆ, ಅಂದರೆ ತ ಕ ಧಿ ಮಿ, ತ ಕ ಜ ಣು, ತ ರಿ ಕಿ ಟ ಮುಂತಾದ ಲಯಾಕ್ಷರಗಳ ಮೇಲೆ ನಿಂತಿದೆ. ಈ ಸೊಲ್ಲುಗಳನ್ನು ಧ್ವನಿ ಹೊರಡಿಸದೆ ಬಾಯೊಳಗೆ ಉಚ್ಚರಿಸುತ್ತ ಮೀಟಿದಾಗ ಒಂದೊಂದು ಅಕ್ಷರಕ್ಕೂ ತಕ್ಕ ಬಣ್ಣ ಉಕ್ಕಿನ ನಾದಕ್ಕೆ ಬರುತ್ತದೆ. ಮೋರ್ಸಿಂಗ್ ಕಲಿಯುವವರು ಮೊದಲು ಸೊಲ್ಲುಗಳನ್ನು ಬಾಯಿಪಾಠ ಮಾಡುವುದು ಇದೇ ಕಾರಣಕ್ಕೆ. ಜೊತೆಗೆ ಅದರ ಮೂಲಸ್ವರ ನಿರಂತರವಾಗಿ ಷಡ್ಜವನ್ನು ಹಿಡಿದಿರುವುದರಿಂದ ಲಯದೊಂದಿಗೆ ಶ್ರುತಿಯ ಲೇಪವೂ ಕಛೇರಿಗೆ ದೊರೆಯುತ್ತದೆ. ರಾಗಕ್ಕೆ ಸಲ್ಲದ ವಾದ್ಯವೊಂದು ಲಯಕ್ಕೆ ಸಂದದ್ದು ಸೋಲೆಂದು ಕಾಣಬಾರದು. ಐರಿಷ್ ವಾದಕರು ಮಟ್ಟಿನ ರೂಪರೇಖೆಯನ್ನು ತೋರಿಸಿ ತೃಪ್ತರಾಗಬೇಕಾದಲ್ಲಿ ದಕ್ಷಿಣದ ವಾದಕರು ಮೃದಂಗದ ಜತಿಯೊಂದನ್ನು ಒಂದಕ್ಷರವೂ ಬಿಡದೆ ಪೂರ್ಣವಾಗಿ ಒಪ್ಪಿಸಬಲ್ಲರು.

ಈ ಸಾಮರ್ಥ್ಯ ನಿಚ್ಚಳವಾಗಿ ಕಾಣುವುದು ತನಿ ಆವರ್ತನದಲ್ಲಿ. ಕಛೇರಿಯ ಮುಖ್ಯ ಕೃತಿಯ ಬಳಿಕ ಗಾಯಕರೂ ಪಿಟೀಲು ವಾದಕರೂ ಕೈತಾಳ ಹಾಕುತ್ತ ಮೌನವಾಗಿ ಕುಳಿತು ಲಯವಾದ್ಯಗಳಿಗೆ ವೇದಿಕೆಯನ್ನು ಬಿಟ್ಟುಕೊಡುವ ಈ ಭಾಗದಲ್ಲಿ ಮೃದಂಗ ಮೊದಲು ಒಂದು ಸುತ್ತು ನುಡಿಸುತ್ತದೆ, ಅನಂತರ ಉಪಪಕ್ಕವಾದ್ಯಗಳು ಒಂದಾದ ಮೇಲೊಂದು ಅದಕ್ಕೆ ಉತ್ತರ ಕೊಡುತ್ತವೆ. ಘಟ, ಖಂಜಿರ, ಮೋರ್ಸಿಂಗ್ ಮೂರೂ ಇದ್ದರೆ ಮೋರ್ಸಿಂಗ್‌ನ ಸರದಿ ಸಾಮಾನ್ಯವಾಗಿ ಕೊನೆಯದು. ಬಳಿಕ ಪ್ರತಿಯೊಬ್ಬರ ಪಾಲಿನ ಆವರ್ತಗಳು ಕ್ರಮವಾಗಿ ಅರ್ಧಕ್ಕೆ, ಕಾಲಿಗೆ ಇಳಿಯುತ್ತ ಹೋಗುವ ಕುರೈಪ್ಪು ಎಂಬ ಸಂವಾದ ನಡೆದು, ಎಲ್ಲರೂ ಒಂದಾಗಿ ಮೋಹರಾ ಎಂಬ ನಿಗದಿತ ಲಯಪಂಕ್ತಿಯನ್ನು ನುಡಿಸಿ, ಮೂರು ಬಾರಿ ಬರುವ ಮುಕ್ತಾಯದೊಂದಿಗೆ ಹಾಡಿನ ಎತ್ತುಗಡೆಗೆ ಮರಳುತ್ತಾರೆ. ಮೃದಂಗದ ಗುಂಕಾರ, ಘಟದ ಗಡಸು, ಖಂಜಿರದ ಜಾರುನಾದಗಳನ್ನು ಕೇಳಿದ ಕಿವಿಗೆ ಕೊನೆಯಲ್ಲಿ ಬರುವ ಈ ಲೋಹದ ಝೇಂಕಾರ ಚೇತೋಹಾರಿಯಾಗಿರುತ್ತದೆ. ಆದರೆ ಸಮಯದ ಅಭಾವದಿಂದ ತನಿಯನ್ನು ಮೊಟಕುಗೊಳಿಸಬೇಕಾಗಿ ಬಂದಾಗ ಮೊದಲು ಪೆಟ್ಟು ಬೀಳುವುದೂ ಕೊನೆಯ ಸರದಿಗೇ. ಖರ್ಚು ಉಳಿಸಲೆಂದು ಆಯೋಜಕರು ಕೈಬಿಡುವ ವಾದ್ಯಗಳಲ್ಲಿಯೂ ಮೋರ್ಸಿಂಗ್ ಮುಂಚೂಣಿಯಲ್ಲಿರುತ್ತದೆ.

ಮೂಲಸ್ವರ ಬದಲಾಗದು ಎಂಬ ಸಂಗತಿ ಕಲಾವಿದರಿಗೆ ಇನ್ನೊಂದು ಕೆಲಸವನ್ನು ಹಚ್ಚಿದೆ. ಗಂಡು ಗಾಯಕರ ಶ್ರುತಿ ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಒಂದರ ಆಸುಪಾಸಿನಲ್ಲಿಯೂ ಹೆಣ್ಣು ಗಾಯಕಿಯರದು ಬಿಳಿ ಐದರ ಆಸುಪಾಸಿನಲ್ಲಿಯೂ ಇರುವುದರಿಂದ ಒಂದು ಮೋರ್ಸಿಂಗ್ ಎಲ್ಲರಿಗೂ ಒಗ್ಗಲಾರದು. ಬೇರೆ ಬೇರೆ ಶ್ರುತಿಯ ಹಲವು ವಾದ್ಯಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ ಅವರು ಕಛೇರಿಗೆ ಬರುತ್ತಾರೆ. ಸೂಕ್ಷ್ಮ ಹೊಂದಾಣಿಕೆಗೆ ಮೇಣವೇ ಸಾಧನ. ನಾಲಗೆಯ ತುದಿಗೆ ಚೂರು ಜೇನುಮೇಣ ಅಂಟಿಸಿದರೆ ತೂಕ ಹೆಚ್ಚಿ ಶ್ರುತಿ ತಗ್ಗುತ್ತದೆ, ಕಿತ್ತರೆ ಮೊದಲಿನ ಸ್ಥಿತಿಗೆ ಏರುತ್ತದೆ. ಶಾಶ್ವತವಾಗಿ ಏರಿಸಬೇಕಾದರೆ ತುದಿಯನ್ನು ಅರದಿಂದ ಉಜ್ಜಬೇಕು. ಹಾಗೆ ಉಜ್ಜಿ ಕಳೆದ ಉಕ್ಕು ಮತ್ತೆ ಬಾರದಾದ್ದರಿಂದ ಅನುಭವಿಗಳು ಅರವನ್ನು ಮುಟ್ಟುವುದು ಅಪರೂಪ.

20ನೆಯ ಶತಮಾನದ ಕಛೇರಿಗಳಲ್ಲಿ ಮೋರ್ಸಿಂಗ್‌ಗೆ ಮನ್ನಣೆ ತಂದವರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ನಟೇಶ ಪಿಳ್ಳೆ ಮತ್ತು ಘಟ ವಿದ್ವಾಂಸ ವಿಕ್ಕು ವಿನಾಯಕರಾಂ ಅವರ ತಂದೆ ಹರಿಹರ ಶರ್ಮರ ಹೆಸರುಗಳು ಮುಖ್ಯವಾದವು. ಕರ್ನಾಟಕದಲ್ಲಿ ಈ ವಾದ್ಯದೊಂದಿಗೆ ಒಡನೆಯೇ ನೆನಪಾಗುವುದು ಬೆಂಗಳೂರಿನ ವಿದ್ವಾನ್ ಎಲ್. ಭೀಮಾಚಾರ್ ಅವರ ಹೆಸರು. ಅವರ ಮನೆತನವೇ ಒಂದು ಪಾಠಶಾಲೆಯಂತಾಗಿ, ಮಗ ಬಿ. ರಾಜಶೇಖರ್ ಮತ್ತು ಮಗಳು ಭಾಗ್ಯಲಕ್ಷ್ಮಿ ಎಂ. ಕೃಷ್ಣ ಇಬ್ಬರೂ ಮೋರ್ಸಿಂಗ್ ವಾದಕರಾದರು. ಲಯವಾದ್ಯಗಳು ಗಂಡಸರ ಸೊತ್ತೆಂಬ ಭಾವನೆ ಬಲವಾಗಿದ್ದ ಕಾಲದಲ್ಲಿ ಘಟವನ್ನು ಕೈಗೆತ್ತಿಕೊಂಡ ಸುಕನ್ಯಾ ರಾಮಗೋಪಾಲ್ ಅವರಂತೆ, ಮೋರ್ಸಿಂಗ್ ಹಿಡಿದು ವೇದಿಕೆ ಏರಿದ ಭಾಗ್ಯಲಕ್ಷ್ಮಿಯವರೂ ಆ ವಾದ್ಯದ ಮಟ್ಟಿಗೆ ಮೊದಲಿಗರ ಸಾಲಿನವರು. ಬೆಂಗಳೂರಿನಲ್ಲಿ ಕೆ. ವೆಂಕಟರಾಂ ಅವರು 1981ರಲ್ಲಿ ಸ್ಥಾಪಿಸಿದ ಪರ್ಕಸಿವ್ ಆರ್ಟ್ಸ್ ಸೆಂಟರ್ ಲಯವಾದ್ಯಗಳಿಗಾಗಿಯೇ ಮೀಸಲಾದ ಸಂಸ್ಥೆಯಾಗಿದ್ದು, ಪಕ್ಕದಲ್ಲಿ ಕುಳಿತವರನ್ನು ವೇದಿಕೆಯ ನಡುವಿಗೆ ತರುವ ಕೆಲಸ ಮಾಡಿದೆ.

ಇಷ್ಟೆಲ್ಲ ನಡೆದದ್ದು ತುಂಗಭದ್ರೆಯ ದಕ್ಷಿಣಕ್ಕೆ. ಘಟಪ್ರಭೆಯ ಸೀಮೆಯಲ್ಲಿ, ಅಂದರೆ ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸುತ್ತಿನಲ್ಲಿ ಶಾಸ್ತ್ರೀಯ ಸಂಗೀತವೆಂದರೆ ಹಿಂದುಸ್ತಾನಿ ಸಂಗೀತ. ಇದು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿಯನ್ನು ಒಳಗೊಂಡ ಜಿಲ್ಲೆ. ಹಿಂದುಸ್ತಾನಿ ಬೈಠಕ್ಕಿನಲ್ಲಿ ಲಯದ ಹೊಣೆ ತಬಲಾ ಒಂದರದೇ. ತಬಲಾದವರು ಸ್ವತಂತ್ರವಾಗಿ ನುಡಿಸುವಾಗಲೂ ಜೊತೆಗಿರುವುದು ಹಾರ್ಮೋನಿಯಂ ಅಥವಾ ಸಾರಂಗಿಯ ಲೆಹರಾ, ಅಂದರೆ ತಾಳದ ಆವರ್ತವನ್ನು ತೋರಿಸುತ್ತ ಮರುಕಳಿಸುವ ಸ್ವರಪಂಕ್ತಿ ಮಾತ್ರ. ಎರಡನೆಯ, ಮೂರನೆಯ ಲಯವಾದ್ಯಕ್ಕೆ ಆ ಪದ್ಧತಿಯಲ್ಲಿ ಸರದಿಯೇ ಇಲ್ಲ. ಉಪಪಕ್ಕವಾದ್ಯವೆಂಬ ಪರಿಕಲ್ಪನೆ ಇಲ್ಲದಲ್ಲಿ ಮೋರ್ಸಿಂಗ್ ನೆಲೆಯೂರದೆ ಹೋದದ್ದು ಸಹಜ.

ಜಾನಪದದ ಕಡೆ ನೋಡಿದರೆ ಕಾರಣ ಬೇರೆ. ಷಡ್ಜವನ್ನು ಎಡೆಬಿಡದೆ ಹಿಡಿದಿರುವುದು ಮತ್ತು ಅದೇ ಮೀಟಿನಲ್ಲಿ ನಡೆಯನ್ನೂ ಕೊಡುವುದು, ಮೋರ್ಸಿಂಗ್‌ನ ಈ ಎರಡೂ ಕೆಲಸಗಳನ್ನು ಇಲ್ಲಿ ತುಂತುಣಿ ನಿರ್ವಹಿಸುತ್ತದೆ. ಒಂದು ಕಡೆ ತೊಗಲು ಮುಚ್ಚಿದ ಕೊಳಗದಾಕಾರದ ಬುರುಡೆ, ಅದರ ಪಕ್ಕಕ್ಕೆ ನಿಲ್ಲಿಸಿದ ಕೋಲು, ತೊಗಲಿನ ನಡುವಿನಿಂದ ಕೋಲಿನ ತುದಿಯ ಬಿರಡೆಗೆ ಎಳೆದು ಕಟ್ಟಿದ ಒಂದೇ ಒಂದು ತಂತಿ, ಇದು ತುಂತುಣಿ. ಗೀಗೀ ಮೇಳದಲ್ಲಿ ಮುಖ್ಯ ಹಾಡುಗಾರ ದಪ್ಪು ಬಾರಿಸುತ್ತ ಲಾವಣಿಯನ್ನು ಎತ್ತಿಕೊಂಡಾಗ ಹಿಮ್ಮೇಳದವರು ತುಂತುಣಿ ಮತ್ತು ತಾಳಗಳೊಂದಿಗೆ ಗೀಯ ಗೀಯ ಎಂದು ಸೊಲ್ಲು ಹಿಡಿಯುತ್ತಾರೆ. ಸವದತ್ತಿ ಯಲ್ಲಮ್ಮನ ಜೋಗತಿಯರ ಕೈಯಲ್ಲಿರುವ ಚೌಡಿಕೆಯೂ ತುಂತುಣಿಯ ಒಡಹುಟ್ಟು. ಆದರೆ ಅದರಲ್ಲಿ ತಂತಿಯ ಬಿಗಿತವನ್ನು ಹೆಚ್ಚು ಕಡಿಮೆ ಮಾಡಿ ನಾದವನ್ನು ಏರಿಸಿ ಇಳಿಸುವುದು ಸಾಧ್ಯವಾದ್ದರಿಂದ ಅದು ಹಾಡಿನೊಂದಿಗೆ ಮಾತಿಗೆ ಮಾತು ಕೊಡುತ್ತದೆ. ಉಕ್ಕಿನ ನಾಲಗೆ ಬಾಯಿಯ ಪೊಟರೆಯಲ್ಲಿ ಪಡೆಯುವ ಬಣ್ಣಗಳನ್ನು ಚೌಡಿಕೆ ತಂತಿಯ ಬಿಗಿತದಲ್ಲಿ ಪಡೆಯುತ್ತದೆ. ಹಾಡುವವರೇ ನುಡಿಸಬೇಕಾದ ಈ ಸಂಪ್ರದಾಯಗಳಲ್ಲಿ ಬಾಯಿಯನ್ನು ಕಟ್ಟಿಹಾಕುವ ವಾದ್ಯ ಉಪಯೋಗಕ್ಕೆ ಬಾರದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಕುಲಗೋಡ ತಮ್ಮಣ್ಣನಿಂದ ಪ್ರಸಿದ್ಧಿಗೆ ಬಂದು ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರನ್ನು ಕಂಡ ಶ್ರೀಕೃಷ್ಣ ಪಾರಿಜಾತ ಎಂಬ ಜನಪದ ನಾಟಕದಲ್ಲಿಯೂ ಹಾರ್ಮೋನಿಯಂ, ತಬಲಾ, ತಾಳಗಳು ಹಿಮ್ಮೇಳವನ್ನು ತುಂಬಿಕೊಂಡಿವೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಬಗ್ಗೆ ಸಂಶೋಧನೆ ನಡೆಸಿ, ಆ ಮಟ್ಟುಗಳನ್ನು ಆಧುನಿಕ ನಾಟಕಕ್ಕೂ ತಂದಾಗ ಕೇಳಿಬಂದದ್ದು ಈ ವಾದ್ಯಗಳ ದನಿಯೇ.

ಹೊರದೇಶಗಳು ಈ ಕಿರುವಾದ್ಯದ ಬಗ್ಗೆ ತೋರಿಸಿರುವ ಆಸ್ಥೆ ಬೆರಗು ಹುಟ್ಟಿಸುವಂತಿದೆ. ಚೀನಾದ ಶಾನ್‌ಶಿ ಪ್ರಾಂತದ ಶಿಮಾವ್ ನೆಲೆಯಲ್ಲಿ ಸುಮಾರು 4,000 ವರ್ಷ ಹಳೆಯ ಮೂಳೆಯ ವಾದ್ಯಗಳು ಸಿಕ್ಕಿವೆ. ಆಸ್ಟ್ರಿಯಾದ ಮೋಲ್ನ್ ಎಂಬ ಹಳ್ಳಿಯಲ್ಲಿ ಇದನ್ನು ತಯಾರಿಸುವ ಕಮ್ಮಾರರು 1679ರಲ್ಲಿಯೇ ತಮ್ಮದೊಂದು ವೃತ್ತಿಸಂಘವನ್ನು ಕಟ್ಟಿಕೊಂಡಿದ್ದರು, ಆ ಕಸುಬು ಅಲ್ಲಿ ಇಂದಿಗೂ ನಡೆದಿದೆ. ಬೀಥೋವನ್‌ಗೆ ಪಾಠ ಹೇಳಿದ ಆಲ್ಬ್ರೆಕ್ಟ್ಸ್‌ಬರ್ಗರ್ 18ನೆಯ ಶತಮಾನದಲ್ಲಿ ಈ ವಾದ್ಯಕ್ಕಾಗಿಯೇ ಕನ್ಸರ್ಟೊ ಎಂಬ ದೀರ್ಘ ರಚನೆಗಳನ್ನು ಮಾಡಿದನು. ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ ಖೋಮುಸ್‌ಗೆ ಮೀಸಲಾದ ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯವೇ ಇದೆ. ಇವುಗಳ ಎದುರಿಗೆ, ಇಷ್ಟು ಸಂಕೀರ್ಣವಾದ ಲಯವಿದ್ಯೆಯನ್ನು ಈ ವಾದ್ಯಕ್ಕೆ ಕಲಿಸಿದ ದಕ್ಷಿಣ ಭಾರತ ಅದನ್ನು ಇನ್ನೂ ಉಪ ಎಂಬ ಪೂರ್ವಪದದೊಂದಿಗೇ ಕರೆಯುತ್ತಿರುವುದು ನ್ಯಾಯವೆನಿಸುವುದಿಲ್ಲ.

ಕಬ್ಬಿನ ಗದ್ದೆಗಳಿಗೆ ಕುಡುಗೋಲು, ಕುಂಟೆ, ಗಳೆಯ ಸಾಮಾನುಗಳನ್ನು ಹದಗೊಳಿಸಿಕೊಡುವ ಕಂಬಾರರ ಕುಲುಮೆಗಳು ಹುಕ್ಕೇರಿ ಸೀಮೆಗೆ ಹೊಸವಲ್ಲ. ಉಕ್ಕಿಗೆ ನೀರು ಕೊಟ್ಟು ಗಡಸುಗೊಳಿಸುವ ಅವರ ವಿದ್ಯೆಯೇ ಮೋರ್ಸಿಂಗ್‌ನ ನಾಲಗೆಗೂ ಬೇಕಾದದ್ದು. ಧಾರವಾಡ, ಬೆಳಗಾವಿಗಳ ಸಂಗೀತ ಸಭೆಗಳು ಕರ್ನಾಟಕ ಸಂಗೀತದ ಕಛೇರಿಯನ್ನು ಏರ್ಪಡಿಸುವಾಗ ಮೃದಂಗದೊಂದಿಗೆ ಮೋರ್ಸಿಂಗ್ ಕಲಾವಿದರನ್ನೂ ಕರೆಸಿ, ತನಿಗೆ ಸಾಕಷ್ಟು ಸಮಯ ಬಿಟ್ಟುಕೊಡಲಿ. ತಬಲಾದ ಕಾಯದಾಗಳಿಗೆ ಪಳಗಿದ ಕಿವಿಗೆ ಅದು ಪರಕೀಯವೆನಿಸಲಾರದು. ಕೊಂಡು ಕಲಿಯಬಯಸುವವರು ವಾದ್ಯವನ್ನು ಬೆಳಕಿಗೆ ಹಿಡಿದು, ನಾಲಗೆ ಎರಡು ತೋಳುಗಳಿಗೂ ಸಮದೂರದಲ್ಲಿ ನೆಟ್ಟಗಿದೆಯೇ ಎಂದು ಮೊದಲು ನೋಡಬೇಕು. ಹಲ್ಲು ಸಡಿಲವಿದ್ದವರು ಈ ಸಾಹಸಕ್ಕೆ ಹೋಗದಿರುವುದು ಲೇಸು. ನುಡಿಸಿದ ಬಳಿಕ ತೇವವನ್ನು ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ ಇಟ್ಟರೆ ತುಕ್ಕು ಹಿಡಿಯುವುದಿಲ್ಲ.